ಬಾಗಿಲ ಹಲಗೆ ಬಂದ ದಾರಿ: ಒಂದು ಮಹಾಮಳಿಗೆಯ ನಡೆ-ನುಡಿಯ ಲೆಕ್ಕ



ಮರ ಕಡಿಯುವವನ ಕೈಯಲ್ಲಿರುವ ಕೊಡಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ಮರವನ್ನು ಸಾವಿರಾರು ಮೈಲಿ ದೂರದಲ್ಲಿ ಕುಳಿತು ಕೊಳ್ಳುವವನ ಕೈ ಯಾರಿಗೂ ಕಾಣುವುದಿಲ್ಲ. ಅರಣ್ಯನಾಶವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಕಾಡಿನ ಅಂಚಿನಲ್ಲಿಯೇ ನಿಂತುಬಿಡುವುದಕ್ಕೆ ಇದೇ ಕಾರಣ. ಹಲಗೆಯ ಜಾಡು ಹಿಡಿದು ಅಂಗಡಿಯ ಬಾಗಿಲವರೆಗೆ ಹೋದರೆ ಬೇರೆಯದೇ ಪ್ರಶ್ನೆಗಳು ಎದುರಾಗುತ್ತವೆ. ಮಾರುವವನಿಗೆ ತನ್ನ ಸರಕಿನ ಮೂಲ ಗೊತ್ತಿದೆಯೇ? ಗೊತ್ತಿದ್ದರೆ ಅವನ ಹೊಣೆ ಎಷ್ಟು? ಗೊತ್ತಿಲ್ಲವೆಂದರೆ ಹೊಣೆ ತಪ್ಪುತ್ತದೆಯೇ?

ಈ ಪ್ರಶ್ನೆಗಳನ್ನು ಒರೆಗೆ ಹಚ್ಚಲು ಅಮೆರಿಕದ ಹೋಮ್ ಡಿಪೋ ಎಂಬ ಸಂಸ್ಥೆ ತಕ್ಕ ಉದಾಹರಣೆ. 1978ರಲ್ಲಿ ಅಟ್ಲಾಂಟಾ ನಗರದಲ್ಲಿ ಆರಂಭವಾದ ಈ ಸಂಸ್ಥೆ ಮನೆ ಕಟ್ಟುವ, ದುರಸ್ತಿ ಮಾಡುವ ಸಾಮಗ್ರಿಗಳನ್ನು ಮಾರುವುದರಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು. ಮೊಳೆ, ಸುತ್ತಿಗೆ, ಬಣ್ಣ, ಹಲಗೆ, ಬಾಗಿಲು, ಹೂಗಿಡ, ಕೀಟನಾಶಕ ಎಲ್ಲವೂ ಒಂದೇ ಸೂರಿನಡಿ ದೊರೆಯುತ್ತವೆ. ಅಮೆರಿಕ, ಕೆನಡಾ ಮತ್ತು ಮೆಕ್ಸಿಕೋ ದೇಶಗಳಲ್ಲಿ ಅದಕ್ಕೆ 2,300ಕ್ಕೂ ಹೆಚ್ಚು ಮಳಿಗೆಗಳಿವೆ. ಈಚಿನ ವರ್ಷಗಳಲ್ಲಿ ಅದರ ವಾರ್ಷಿಕ ವಹಿವಾಟು 15,000 ಕೋಟಿ ಡಾಲರುಗಳನ್ನು ಮೀರಿದೆ. ಇಷ್ಟು ದೊಡ್ಡ ಕೊಳ್ಳುಗ ಬೇಡವೆಂದ ಮರಕ್ಕೆ ಮಾರುಕಟ್ಟೆ ಕುಗ್ಗುತ್ತದೆ. ಬೇಕೆಂದ ಮರಕ್ಕೆ ಎಲ್ಲಿಯೋ ಒಂದು ಕಾಡು ಬೆಲೆ ತೆರಬೇಕಾಗುತ್ತದೆ. ಆದ್ದರಿಂದ ಅದರ ನಡೆ-ನುಡಿಯ ಲೆಕ್ಕ ತೆಗೆಯುವುದು ಒಂದು ಅಂಗಡಿಯ ಗುಣದೋಷ ಹುಡುಕುವುದಕ್ಕಿಂತ ದೊಡ್ಡ ಕೆಲಸ.

ಕಾಡಿನ ಲೆಕ್ಕ

1990ರ ದಶಕದಲ್ಲಿ ಹೋಮ್ ಡಿಪೋ ಮಳಿಗೆಗಳಲ್ಲಿ ಪುರಾತನ ಕಾಡುಗಳ ಮರ ಧಾರಾಳವಾಗಿ ಮಾರಾಟವಾಗುತ್ತಿತ್ತು. ಶತಮಾನಗಳಿಂದ ಕೊಡಲಿ ಕಾಣದೆ ಬೆಳೆದ ಕಾಡುಗಳ ರೆಡ್‌ವುಡ್ ಮತ್ತು ಸೀಡರ್, ಆಗ್ನೇಯ ಏಷ್ಯಾದ ಮಳೆಕಾಡುಗಳ ಲುವಾನ್ ಮರ ಇವುಗಳಲ್ಲಿ ಸೇರಿದ್ದವು. 1997ರಲ್ಲಿ ರೈನ್‌ಫಾರೆಸ್ಟ್ ಆ್ಯಕ್ಷನ್ ನೆಟ್‌ವರ್ಕ್ ಎಂಬ ಸಂಘಟನೆ ಇದರ ವಿರುದ್ಧ ಚಳವಳಿ ಹೂಡಿತು. ಕಾರ್ಯಕರ್ತರು ಮಳಿಗೆಗಳ ಮುಂದೆ ನಿಂತು ಗ್ರಾಹಕರೊಡನೆ ಮಾತನಾಡಿದರು. ಒಳಗೆ ಹೋಗಿ ಯಾವ ಸಾಲಿನಲ್ಲಿ ಯಾವ ಕಾಡಿನ ಮರವಿದೆಯೆಂದು ತೋರಿಸಿಕೊಟ್ಟರು. ಷೇರುದಾರರ ಸಭೆಗೂ ಪ್ರಶ್ನೆಯನ್ನು ಕೊಂಡೊಯ್ದರು. ಎರಡು ವರ್ಷಗಳ ಈ ಒತ್ತಡಕ್ಕೆ ಫಲ ದೊರೆಯಿತು. 1999ರ ಆಗಸ್ಟ್ 26ರಂದು ಸಂಸ್ಥೆಯ ಮುಖ್ಯಸ್ಥ ಆರ್ಥರ್ ಬ್ಲಾಂಕ್ ಅವರು 2002ರ ಅಂತ್ಯದೊಳಗೆ ಅಪಾಯದಲ್ಲಿರುವ ಅರಣ್ಯಪ್ರದೇಶಗಳ ಮರವನ್ನು ಕೈಬಿಡುವುದಾಗಿಯೂ ಪ್ರಮಾಣೀಕೃತ ಮರಕ್ಕೆ ಆದ್ಯತೆ ನೀಡುವುದಾಗಿಯೂ ಘೋಷಿಸಿದರು. ಮರುವರ್ಷವೇ ಅದರ ಪ್ರತಿಸ್ಪರ್ಧಿಯಾದ ಲೋವ್ಸ್ ಸಂಸ್ಥೆಯೂ ಅಂಥದೇ ನೀತಿಯನ್ನು ಪ್ರಕಟಿಸಿತು.

ಈ ಘೋಷಣೆಯನ್ನು ಕಾರ್ಯಗತಗೊಳಿಸಲು ಹೊರಟಾಗ ಮೊದಲು ಎದುರಾದ ತೊಡಕೆಂದರೆ ಅಜ್ಞಾನ. ಬಾಗಿಲು, ಹಲಗೆ ಮಾತ್ರವಲ್ಲ, ಸುತ್ತಿಗೆಯ ಹಿಡಿ, ಕಸಬರಿಕೆಯ ಕೋಲುಗಳಂಥ ಸಾವಿರಾರು ವಸ್ತುಗಳಲ್ಲಿ ಮರವಿತ್ತು. ಅದು ಯಾವ ಕಾಡಿನದೆಂದು ಒಂದೊಂದಾಗಿ ಹುಡುಕಿಕೊಂಡು ಹೋಗಬೇಕಾಯಿತು. ಇಂಗ್ಲೆಂಡಿನ ಬಿ ಆ್ಯಂಡ್ ಕ್ಯೂ ಎಂಬ ಇದೇ ಬಗೆಯ ಸಂಸ್ಥೆಗೂ ಹತ್ತು ವರ್ಷ ಮೊದಲೇ ಇಂಥ ಮುಜುಗರ ಒದಗಿತ್ತು. ತಾನು ಮಾರುವ ಉಷ್ಣವಲಯದ ಮರ ಎಷ್ಟೆಂಬ ಪತ್ರಕರ್ತರೊಬ್ಬರ ಪ್ರಶ್ನೆಗೆ ಅದರ ಬಳಿ ಉತ್ತರವಿರಲಿಲ್ಲ. ಆ ಸಂಸ್ಥೆ 1991ರಲ್ಲಿ ಮರದ ಖರೀದಿಗೆ ನೀತಿಯೊಂದನ್ನು ರೂಪಿಸಿಕೊಂಡಿತು. 1993ರಲ್ಲಿ ಅರಣ್ಯ ಪಾಲನಾ ಮಂಡಳಿ, ಅಂದರೆ ಎಫ್‌ಎಸ್‌ಸಿ, ಸ್ಥಾಪನೆಯಾದಾಗ ಅದರ ಆರಂಭದ ಬೆಂಬಲಿಗರಲ್ಲಿ ಒಂದಾಯಿತು. ಗೊತ್ತಿಲ್ಲವೆಂಬ ಮಾತು ವ್ಯಾಪಾರಿಯನ್ನು ಹೊಣೆಯಿಂದ ಬಿಡಿಸುವುದಿಲ್ಲ. ತಿಳಿದುಕೊಳ್ಳುವುದೇ ಅವನ ಮೊದಲ ಹೊಣೆ.

ಚಿಲಿ ದೇಶದ ಪ್ರಕರಣ ಮಲೆನಾಡಿನವರಿಗೆ ಹೆಚ್ಚು ಹತ್ತಿರದ್ದು. ಅಲ್ಲಿ ಸಹಜ ಅರಣ್ಯವನ್ನು ಕಡಿದು ರೇಡಿಯಾಟ ಪೈನ್ ಮತ್ತು ನೀಲಗಿರಿಯ ನೆಡುತೋಪುಗಳನ್ನು ಬೆಳೆಸಲಾಗಿತ್ತು. ತೋಪಿನ ಮರವನ್ನು ಮಾರಿದರೆ ಕಾಡಿಗೇನು ನಷ್ಟವೆಂದು ಕೇಳುವುದು ಸುಲಭ. ಆದರೆ ಆ ತೋಪು ನಿಂತಿರುವ ನೆಲದಲ್ಲಿ ಮೊದಲು ಏನಿತ್ತೆಂಬುದು ಮುಖ್ಯ. 2003ರಲ್ಲಿ ಪರಿಸರ ಸಂಘಟನೆಗಳು, ಹೋಮ್ ಡಿಪೋ ಮತ್ತು ಚಿಲಿಯ ಎರಡು ದೊಡ್ಡ ಮರದ ಕಂಪೆನಿಗಳು ಒಡಂಬಡಿಕೆಗೆ ಬಂದವು. ಸಹಜ ಅರಣ್ಯವನ್ನು ತೋಪಾಗಿ ಪರಿವರ್ತಿಸುವುದನ್ನು ನಿಲ್ಲಿಸುವ ಮಾತು ಅದರಲ್ಲಿತ್ತು. ಅಕೇಶಿಯಾ ತೋಪಿನಡಿ ಹುಲ್ಲು ಬೆಳೆಯದುದನ್ನು, ಸೊಪ್ಪಿನಬೆಟ್ಟ ಬರಿದಾದುದನ್ನು ಕಂಡವರಿಗೆ ಈ ಒಡಂಬಡಿಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಗಳ ಸಂಖ್ಯೆಯಿಂದ ಕಾಡನ್ನು ಅಳೆಯಲಾಗದು.

ಹಾಗೆಂದು ಕಾಡಿನ ಲೆಕ್ಕ ಅಲ್ಲಿಗೇ ಚುಕ್ತಾ ಆಗಲಿಲ್ಲ. ಪ್ರಮಾಣಪತ್ರಗಳಲ್ಲಿಯೂ ತರತಮಗಳಿವೆ. ಎಫ್‌ಎಸ್‌ಸಿಯ ಆಡಳಿತದಲ್ಲಿ ಪರಿಸರವಾದಿಗಳಿಗೂ ಸಮುದಾಯಗಳಿಗೂ ಮತವಿದೆ. 1994ರಲ್ಲಿ ಅಮೆರಿಕದ ಮರ ಮತ್ತು ಕಾಗದ ಉದ್ಯಮವೇ ಆರಂಭಿಸಿದ ಇನ್ನೊಂದು ಪದ್ಧತಿಯ ಮೇಲೆ, ತನ್ನ ಪರೀಕ್ಷೆಗೆ ತಾನೇ ಪ್ರಶ್ನೆಪತ್ರಿಕೆ ಬರೆದುಕೊಂಡಿತೆಂಬ ಟೀಕೆ ಬಹುಕಾಲ ಇತ್ತು. 2022ರಲ್ಲಿ ಹೋಮ್ ಡಿಪೋದ ಷೇರುದಾರರ ಸಭೆಯಲ್ಲಿ, ಅರಣ್ಯನಾಶ ತಡೆಗೆ ಸಂಸ್ಥೆ ಮಾಡುತ್ತಿರುವುದು ಸಾಕೇ ಎಂಬ ಬಗ್ಗೆ ವರದಿ ಬೇಕೆಂಬ ಠರಾವು ಬಂದಿತು. ಆಡಳಿತ ಮಂಡಳಿ ವಿರೋಧಿಸಿದರೂ ಅರ್ಧಕ್ಕಿಂತ ಹೆಚ್ಚು ಮತಗಳು ಠರಾವಿನ ಪರವಾಗಿ ಬಿದ್ದವು. 1999ರ ಮಾತು ಕೊಟ್ಟು ಇಪ್ಪತ್ತೆರಡು ವರ್ಷಗಳಾದ ಮೇಲೆ ಹಣ ಹೂಡಿದವರೇ ಲೆಕ್ಕ ಕೇಳಿದರೆಂಬುದು ಗಮನಾರ್ಹ.

ಜೇನಿನ ಲೆಕ್ಕ

ಎರಡನೆಯ ಪುಟ ಹೂಗಿಡಗಳದು. ನಿಯೋನಿಕೋಟಿನಾಯ್ಡ್ ಎಂಬ ವರ್ಗದ ಕೀಟನಾಶಕಗಳು ನೀರಿನಲ್ಲಿ ಕರಗಿ ಬೇರಿನ ಮೂಲಕ ಗಿಡದ ಸರ್ವಾಂಗಕ್ಕೂ ಹರಡುತ್ತವೆ. ಎಲೆಯ ಮೇಲೆ ಸಿಂಪಡಿಸಿದ ವಿಷವನ್ನು ಮಳೆ ತೊಳೆಯಬಹುದು. ಗಿಡದ ರಸದಲ್ಲಿ ಬೆರೆತ ವಿಷ ಮಕರಂದಕ್ಕೂ ಪರಾಗಕ್ಕೂ ತಲುಪುತ್ತದೆ. ಅದು ಕೀಟದ ನರಗಳ ಸಂದೇಶವಾಹಕ ವ್ಯವಸ್ಥೆಯನ್ನು ಹಿಡಿದಿಡುತ್ತದೆ. ಸಾಯುವಷ್ಟು ಪ್ರಮಾಣ ಸಿಗದಿದ್ದರೂ ಜೇನಿಗೆ ದಾರಿ ತಪ್ಪುತ್ತದೆ, ಗೂಡಿಗೆ ಮರಳುವ ಶಕ್ತಿ ಕುಂದುತ್ತದೆ.

2014ರಲ್ಲಿ ಫ್ರೆಂಡ್ಸ್ ಆಫ್ ದಿ ಅರ್ತ್ ಮತ್ತು ಪೆಸ್ಟಿಸೈಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸಂಸ್ಥೆಗಳು ಅಮೆರಿಕ ಮತ್ತು ಕೆನಡಾದ 18 ನಗರಗಳಲ್ಲಿ ಹೋಮ್ ಡಿಪೋ, ಲೋವ್ಸ್, ವಾಲ್‌ಮಾರ್ಟ್ ಮಳಿಗೆಗಳಿಂದ ಹೂಗಿಡಗಳನ್ನು ಕೊಂಡು ಪರೀಕ್ಷಿಸಿದವು. 71 ಮಾದರಿಗಳಲ್ಲಿ 36ರಲ್ಲಿ ಈ ವಿಷ ಪತ್ತೆಯಾಯಿತು. ಜೇನಿಗೆ ಆಸರೆಯಾಗಲೆಂದು ಗ್ರಾಹಕರು ಒಲವಿನಿಂದ ಕೊಂಡೊಯ್ದ ಗಿಡವೇ ಜೇನಿಗೆ ಮುಳುವಾಗುವ ಸ್ಥಿತಿ ಅದು. ಹೋಮ್ ಡಿಪೋ ಮೊದಲು ಅಂಥ ಗಿಡಗಳಿಗೆ ಚೀಟಿ ಅಂಟಿಸಬೇಕೆಂದು ಪೂರೈಕೆದಾರರಿಗೆ ವಿಧಿಸಿತು. 2015ರಲ್ಲಿ, 2018ರ ಹೊತ್ತಿಗೆ ಹೂಗಿಡಗಳಲ್ಲಿ ಅದರ ಬಳಕೆಯನ್ನು ಪೂರ್ಣವಾಗಿ ಕೈಬಿಡುವ ಗುರಿಯನ್ನು ಪ್ರಕಟಿಸಿತು. ಅದೇ 2018ರಲ್ಲಿ ಯುರೋಪಿನ ಒಕ್ಕೂಟ ಈ ವರ್ಗದ ಮೂರು ಪ್ರಮುಖ ವಿಷಗಳ ಹೊರಾಂಗಣ ಬಳಕೆಯನ್ನು ಕಾನೂನಿನ ಮೂಲಕವೇ ನಿಷೇಧಿಸಿತು. ಆ ಮೂರರಲ್ಲಿ ಒಂದಾದ ಇಮಿಡಾಕ್ಲೋಪ್ರಿಡ್ ಇಲ್ಲಿನ ಗೊಬ್ಬರ-ಔಷಧದ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಏಲಕ್ಕಿಯ ಹೂ ಕಾಯಿಕಟ್ಟಲು ಜೇನು ಬೇಕೆಂಬುದನ್ನು ಬಲ್ಲ ಬೆಳೆಗಾರರು ತುಡುವೆ, ಹೆಜ್ಜೇನುಗಳ ಹಿತದೃಷ್ಟಿಯಿಂದ ಈ ಹೆಸರನ್ನು ನೆನಪಿಡತಕ್ಕದ್ದು.

ಕಾನೂನಿನ ಲೆಕ್ಕ

ಪ್ರತಿಜ್ಞೆಗಳು ಸಂಸ್ಥೆಯ ಮಾತು. ನ್ಯಾಯಾಲಯದ ಕಾಗದಗಳು ಅದರ ನಡೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಮಳಿಗೆ ಕಟ್ಟುವ ಜಾಗಗಳಿಂದ ಮಳೆನೀರಿನೊಡನೆ ಮಣ್ಣು ಕೊಚ್ಚಿಹೋಗದಂತೆ ತಡೆಯದ ಆರೋಪದಲ್ಲಿ 2008ರಲ್ಲಿ ಹೋಮ್ ಡಿಪೋ 13 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ಅಪಾಯಕಾರಿ ತ್ಯಾಜ್ಯವನ್ನು ಸಾಮಾನ್ಯ ಕಸದೊಡನೆ ಸುರಿದ ಆರೋಪದ ಮೇಲೆ ಕ್ಯಾಲಿಫೋರ್ನಿಯಾ ಹೂಡಿದ ಮೊಕದ್ದಮೆ 2018ರಲ್ಲಿ 2.78 ಕೋಟಿ ಡಾಲರುಗಳಿಗೆ ಇತ್ಯರ್ಥವಾಯಿತು. 1978ಕ್ಕೆ ಮುಂಚೆ ಕಟ್ಟಿದ ಮನೆಗಳ ಗೋಡೆಯ ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿದ್ದು, ಅದರ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ತರುತ್ತದೆ. ಅಂಥ ಮನೆಗಳ ದುರಸ್ತಿಗೆ ಅರ್ಹತಾಪತ್ರವಿಲ್ಲದ ಗುತ್ತಿಗೆದಾರರನ್ನು ಕಳುಹಿಸಿದ ಪ್ರಕರಣದಲ್ಲಿ 2020ರಲ್ಲಿ 2.075 ಕೋಟಿ ಡಾಲರ್ ದಂಡ ತೆರುವ ಒಪ್ಪಂದವಾಯಿತು.

ಈ ಮೊತ್ತಗಳು ಕೇಳಲು ಭಾರಿ. ಆದರೆ 2018ರಲ್ಲಿ ಸಂಸ್ಥೆಯ ವಹಿವಾಟು 10,800 ಕೋಟಿ ಡಾಲರುಗಳಷ್ಟಿತ್ತು. ದಿನವೊಂದಕ್ಕೆ ಸರಾಸರಿ 29 ಕೋಟಿಗೂ ಹೆಚ್ಚು. ಆ ವರ್ಷ ತೆತ್ತ ಮೊತ್ತ ಒಂದು ದಿನದ ವ್ಯಾಪಾರದ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ. ದಂಡವೆಂಬುದು ವ್ಯಾಪಾರದ ಖರ್ಚುಗಳಲ್ಲಿ ಒಂದಾಗಿಬಿಟ್ಟರೆ ಅದಕ್ಕೆ ತಿದ್ದುವ ಶಕ್ತಿ ಉಳಿಯುವುದಿಲ್ಲ.

ಕಾನೂನು ಸರಕಿನ ಮೂಲದವರೆಗೆ ಕೈಚಾಚಿದಾಗ ಏನಾಗುತ್ತದೆಂಬುದಕ್ಕೆ ಲಂಬರ್ ಲಿಕ್ವಿಡೇಟರ್ಸ್ ಎಂಬ ನೆಲಹಾಸಿನ ವ್ಯಾಪಾರಸಂಸ್ಥೆಯ ಪ್ರಕರಣ ಸಾಕ್ಷಿ. ಅಮೆರಿಕದ ಲೇಸಿ ಕಾಯಿದೆ 1900ರದು. 2008ರಲ್ಲಿ ತಿದ್ದುಪಡಿಯಾಗಿ ಅನ್ಯದೇಶಗಳಲ್ಲಿ ಕಳ್ಳತನದಿಂದ ಕಡಿದ ಮರದ ಆಮದನ್ನೂ ಅದು ಅಪರಾಧವಾಗಿಸಿತು. ರಷ್ಯಾದ ಪೂರ್ವ ತುದಿಯ ಕಾಡುಗಳಲ್ಲಿ, ಅಳಿವಿನಂಚಿನ ಅಮುರ್ ಹುಲಿಯ ನೆಲೆಯಲ್ಲಿ, ಅಕ್ರಮವಾಗಿ ಕಡಿದ ಓಕ್ ಮರ ಚೀನಾದ ಕಾರ್ಖಾನೆಗಳ ಮೂಲಕ ಆ ಸಂಸ್ಥೆಯ ಅಂಗಡಿಗಳಿಗೆ ಬರುತ್ತಿತ್ತು. 2015ರಲ್ಲಿ ಸಂಸ್ಥೆ ತಪ್ಪೊಪ್ಪಿಕೊಂಡಿತು. 2016ರಲ್ಲಿ ದಂಡ ಮತ್ತು ಮುಟ್ಟುಗೋಲು ಸೇರಿ 1.3 ಕೋಟಿ ಡಾಲರಿಗೂ ಹೆಚ್ಚು ತೆರುವ ಶಿಕ್ಷೆಯಾಯಿತು. ತನಿಖೆ ನಡೆಸಿ ಸಾಕ್ಷ್ಯ ಕಲೆಹಾಕಿದವರಲ್ಲಿ ಸ್ವಯಂಸೇವಾ ಸಂಸ್ಥೆಯೊಂದರ ಪಾತ್ರ ದೊಡ್ಡದಿತ್ತು.

ಕೊನೆಯ ತೀರ್ಪು

ಇಷ್ಟನ್ನೂ ಕೂಡಿಸಿ ಕಳೆದರೆ ದೊರೆಯುವ ಉತ್ತರವೇನು? ಹೋಮ್ ಡಿಪೋ ಸುಧಾರಿಸಿಲ್ಲವೆಂದರೆ ಅಸತ್ಯವಾಗುತ್ತದೆ. ಅದರ 1999ರ ನಿರ್ಧಾರ ಉತ್ತರ ಅಮೆರಿಕದ ಮರದ ವ್ಯಾಪಾರವನ್ನೇ ಬದಲಿಸಿತು. ಕೆನಡಾದ ಪಶ್ಚಿಮ ತೀರದ ಗ್ರೇಟ್ ಬೇರ್ ಮಳೆಕಾಡಿನ ಸುಮಾರು 64 ಲಕ್ಷ ಹೆಕ್ಟೇರ್ ಪ್ರದೇಶದಲ್ಲಿ 85 ಶೇಕಡಾ ಅರಣ್ಯಕ್ಕೆ 2016ರಲ್ಲಿ ಕೈಗಾರಿಕಾ ಕಡಿತದಿಂದ ರಕ್ಷಣೆ ದೊರೆತುದರ ಹಿಂದೆ, ಅಲ್ಲಿನ ಮೂಲನಿವಾಸಿಗಳ ದೀರ್ಘ ಹೋರಾಟದ ಜೊತೆಗೆ ಇಂಥ ಕೊಳ್ಳುಗರ ಒತ್ತಡವೂ ಇತ್ತು. ಆದರೆ ತಾನಾಗಿಯೇ ಸುಧಾರಿಸಿತೆಂದರೆ ಅದೂ ಅಸತ್ಯವೇ. ಕಾಡಿನ ವಿಷಯದಲ್ಲಿ ಚಳವಳಿಗಾರರು, ಜೇನಿನ ವಿಷಯದಲ್ಲಿ ಪ್ರಯೋಗಾಲಯದ ವರದಿ, ತ್ಯಾಜ್ಯದ ವಿಷಯದಲ್ಲಿ ಸರ್ಕಾರಿ ವಕೀಲರು ಬೆನ್ನು ಹತ್ತಿದ ಮೇಲೆಯೇ ಹೆಜ್ಜೆ ಮುಂದಕ್ಕೆ ಬಿದ್ದಿದೆ. ಬಣ್ಣ ಕೀಳುವ ದ್ರಾವಣದಲ್ಲಿದ್ದ ಮೆಥಿಲೀನ್ ಕ್ಲೋರೈಡಿನಿಂದ ಉಸಿರುಗಟ್ಟಿ ಸತ್ತವರ ಕುಟುಂಬಗಳು ಬೀದಿಗಿಳಿದ ನಂತರವೇ, 2018ರಲ್ಲಿ, ಲೋವ್ಸ್ ಹಾಗೂ ಹೋಮ್ ಡಿಪೋ ಅದನ್ನು ಕಪಾಟಿನಿಂದ ತೆಗೆಯಲು ಒಪ್ಪಿದವು. ಒತ್ತಡ ಸಡಿಲವಾದಾಗ ಹೆಜ್ಜೆಯೂ ನಿಧಾನವಾಗುವ ಸಂಭವ ಇದ್ದೇ ಇದೆ.

1983ರಲ್ಲಿ ಶಿರಸಿಯ ಸಲ್ಕಣಿ ಸೀಮೆಯ ಜನ ಮರಗಳನ್ನು ಅಪ್ಪಿ ನಿಂತಾಗ ಅಲ್ಲಿ ಕಡಿತಕ್ಕೆ ಗುರುತಾಗಿದ್ದ ಮರಗಳ ಹಿಂದೆ ಪ್ಲೈವುಡ್ ಉದ್ಯಮದ ಬೇಡಿಕೆಯಿತ್ತು. 1999ರಲ್ಲಿ ಅಮೆರಿಕದ ಚಳವಳಿ ಅಂಗಡಿಯಲ್ಲಿ ನಿಂತು ಅದೇ ಕೆಲಸ ಮಾಡಿತು. ಹಗ್ಗ ಒಂದೇ, ಹಿಡಿದ ತುದಿ ಬೇರೆ. ಕಾಡಿನ ತುದಿಯನ್ನು ಹಿಡಿಯುವುದು ಮಲೆನಾಡಿಗೆ ರೂಢಿಯಾಗಿದೆ. ಅಂಗಡಿಯ ತುದಿಯನ್ನು ಹಿಡಿಯುವುದನ್ನು ಇನ್ನು ಕಲಿಯಬೇಕಾಗಿದೆ.

ಅದಕ್ಕೆ ದೊಡ್ಡ ಪಾಂಡಿತ್ಯ ಬೇಕಿಲ್ಲ. ಮನೆ ಕಟ್ಟುವವರು ಹಲಗೆ ಕೊಳ್ಳುವಾಗ ಅದು ಯಾವ ಜಾತಿಯ ಮರ, ಯಾವ ಊರಿನದು, ಸಾಗಣೆಯ ಪರವಾನಗಿ ಇದೆಯೇ ಎಂದು ಕೇಳಲಿ. ತೋಟಗಾರರು ಔಷಧದ ಬಾಟಲಿಯ ಮೇಲಿನ ವ್ಯಾಪಾರನಾಮವನ್ನು ಬಿಟ್ಟು ಕೆಳಗೆ ಸಣ್ಣಕ್ಷರದಲ್ಲಿರುವ ರಾಸಾಯನಿಕದ ಹೆಸರನ್ನು ಓದಲಿ, ತ್ರಿಕೋನದ ಬಣ್ಣವನ್ನು ಗಮನಿಸಲಿ. ಕೆಂಪು ಬಣ್ಣ ಅತಿಘೋರ ವಿಷದ ಸಂಕೇತ. ವಿದ್ಯಾರ್ಥಿಗಳು ಯಾವುದೇ ಸಂಸ್ಥೆಯ ಹಸಿರು ಘೋಷಣೆಯನ್ನು ಓದಿದಾಗ ನಾಲ್ಕು ಪ್ರಶ್ನೆಗಳನ್ನು ಬರೆದುಕೊಳ್ಳಲಿ: ಸರಕಿನ ಮೂಲ ಅದಕ್ಕೆ ಗೊತ್ತಿದೆಯೇ? ಮಾತಿಗೆ ಗಡುವಿನ ವರ್ಷವಿದೆಯೇ? ಪರಿಶೀಲಿಸುವವರು ಹೊರಗಿನವರೇ? ಮಾತು ತಪ್ಪಿದರೆ ತೆರುವ ಬೆಲೆ ಲಾಭಕ್ಕಿಂತ ಹೆಚ್ಚೇ? ನಾಲ್ಕಕ್ಕೂ ಹೌದೆಂಬ ಉತ್ತರ ಸಿಗುವವರೆಗೆ ಘೋಷಣೆಯನ್ನು ನಂಬುವ ಅವಸರ ಬೇಡ, ಕೇಳುವುದನ್ನು ನಿಲ್ಲಿಸುವುದೂ ಬೇಡ.