ಗರ್ಭಕೋಶ ತೆಗೆಸುವ ಮುನ್ನ
(ಅಮ್ಮಸಂದ್ರದಲ್ಲಿ ಮಾಡಿದ ಭಾಷಣ)



ನಮ್ಮ ಈ ಸೀಮೆಯಲ್ಲಿ ಒಂದು ತೆಂಗಿನ ಮರಕ್ಕೆ ರೋಗ ತಗುಲಿದರೂ ಕಡಿಯುವ ಮುನ್ನ ನಾಲ್ವರನ್ನು ಕೇಳುತ್ತೇವೆ. ಮನೆಯಾಕೆಯ ಗರ್ಭಕೋಶದಲ್ಲಿ ಗಡ್ಡೆಯಿದೆ ಎಂದೊಡನೆ, 'ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ' ಎನ್ನುತ್ತೇವೆ. ಆಕೆಯನ್ನೇ ಕೇಳುವುದಿಲ್ಲ.

ಫೈಬ್ರಾಯ್ಡ್ ಗಡ್ಡೆಗಳು ಬಹುಪಾಲು ಕ್ಯಾನ್ಸರ್ ಅಲ್ಲ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತವೆ. ಅತಿಸ್ರಾವಕ್ಕೆ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವಿದೆ, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯಿದೆ. ಅದು ಮರಳಿ ಬೆಳೆಯಲೂಬಹುದು. ಇವು ಫಲಿಸದೆ ಆಕೆ ರಕ್ತಹೀನತೆಯಿಂದ ಕುಸಿಯುತ್ತಿದ್ದರೆ, ಮಕ್ಕಳ ಅಪೇಕ್ಷೆಯೂ ಇಲ್ಲದಿದ್ದರೆ, ತೆಗೆಸುವುದು ಸರಿಯಾದ ನಿರ್ಧಾರವೇ. ಆಗ ಹೆದರಿ ಮುಂದೂಡಬಾರದು. ಆದರೆ ಅಂಡಾಶಯವನ್ನೂ ತೆಗೆಯುವಿರಾ, ಏಕೆ ಎಂದು ಕೇಳಿರಿ. ಅಕಾಲದಲ್ಲಿ ಅದನ್ನು ಕಳೆದುಕೊಂಡರೆ ಮೂಳೆ ಬೇಗ ಸವೆಯುತ್ತದೆ.

ಈ ಎಚ್ಚರಿಕೆ ಸುಮ್ಮನೆ ಹೇಳಿದ್ದಲ್ಲ. ಕಲಬುರಗಿಯಲ್ಲಿ ಲಂಬಾಣಿ, ದಲಿತ ಮಹಿಳೆಯರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆದ ಪ್ರಕರಣ 2015ರಲ್ಲಿ ರಾಜ್ಯವನ್ನೇ ಕಲಕಿತು. ಅವರಲ್ಲಿ 40 ತುಂಬದವರು ಅನೇಕರು. ಇಂತಹ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಲು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿತು.

'ರಕ್ತ ನಿಲ್ಲುತ್ತಿಲ್ಲ, ನಮಾಝ್ ತಪ್ಪುತ್ತಿದೆ, ಅದಕ್ಕೇ ತೆಗೆಸುತ್ತೇನೆ' ಎನ್ನುವ ಸಹೋದರಿಯರೂ ಇದ್ದಾರೆ. ಮುಟ್ಟಿನ ಅವಧಿ ಮೀರಿದ ಸ್ರಾವ ಇಸ್ತಿಹಾಝಾ. ಅದರಲ್ಲಿ ಪ್ರತಿ ವೇಳೆಗೆ ವುಝೂ ಮಾಡಿ ನಮಾಝ್ ನಿರ್ವಹಿಸಬೇಕು, ಉಪವಾಸವೂ ಇದೆ. ಮದ್ರಸದಲ್ಲಿ ನಾವಿದನ್ನು ಓದಿದೆವು. ಮನೆಯಲ್ಲಿ ಹೇಳಲು ನಾಚಿದೆವು.

ಸ್ಕ್ಯಾನ್ ವರದಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಇನ್ನೊಬ್ಬ ತಜ್ಞೆಗೆ ತೋರಿಸಿರಿ. ಒಳಗೆ ಪತಿಯೂ ಹೋಗಲಿ, ಆದರೆ ಮಾತು ಆಕೆಯೇ ಆಡಲಿ.