ತರಬೇತಿ ಶುರುವಾಗಬೇಕಾದದ್ದು ನೌಕರರ ಮೇಜಿನಿಂದ



ಆನ್‌ಲೈನ್ ಕಲಿಕೆಯ ಬಗ್ಗೆ ಮಾತಾಡಲು ಬಂದವನು ನಿಮ್ಮನ್ನು ಮೊದಲು ಐವತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಗುತ್ತೇನೆ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಮ್ಮ ದೇಶದಲ್ಲಿ ಆರಂಭವಾಯಿತು. ಉಪಗ್ರಹ ಅಮೆರಿಕದ್ದು, ನೆಲದ ಮೇಲಿನ ವ್ಯವಸ್ಥೆ ಇಸ್ರೋದ್ದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ವರ್ಷ ಟಿವಿ ಮಾತಾಡಿತು. ಆ ಆರರಲ್ಲಿ ಕರ್ನಾಟಕವೂ ಇತ್ತು. ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಸೀಮೆಯ ಹಳ್ಳಿಗಳು ಕನ್ನಡದಲ್ಲಿ ಕಾರ್ಯಕ್ರಮ ಕಂಡವು. ರೈತರಿಗೆ, ಮಕ್ಕಳಿಗೆ ಅದರಿಂದ ಏನಾಯಿತು ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ಆದರೆ ಅದೇ ಪ್ರಯೋಗದಲ್ಲಿ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ 12 ದಿನದ ತರಬೇತಿಯೂ ನಡೆಯಿತು. ಸೇವೆಯಲ್ಲಿದ್ದ ನೌಕರರಿಗೆ ದೂರದಿಂದ, ಪರದೆಯ ಮೂಲಕ, ಏಕಕಾಲಕ್ಕೆ ಕೊಟ್ಟ ತರಬೇತಿ ಅದು. ಇಂದು ನಾವು ಚರ್ಚಿಸುವ ವಿಷಯದ ಹಿರಿಯಕ್ಕ ಅದೇ.

ಆ ತರಬೇತಿಯಲ್ಲಿ ಟಿವಿ ಒಂಟಿಯಾಗಿರಲಿಲ್ಲ. ಜೊತೆಗೆ ರೇಡಿಯೋ ಇತ್ತು, ಅಚ್ಚಾದ ಪಠ್ಯವಿತ್ತು, ಕೈಯಾರೆ ಮಾಡಿ ನೋಡುವ ಪ್ರಯೋಗಗಳಿದ್ದವು, ಪ್ರತಿ ಕೇಂದ್ರದಲ್ಲೂ ಚರ್ಚೆ ನಡೆಸಲು ಒಬ್ಬ ಮಾರ್ಗದರ್ಶಕರಿದ್ದರು. ಶಿಕ್ಷಕರು ನೋಡಿದರು, ಮಾಡಿದರು, ಪಕ್ಕದವರೊಂದಿಗೆ ವಾದಿಸಿದರು. ಐದು ದಶಕಗಳಲ್ಲಿ ಪರದೆ ಗೋಡೆಯಿಂದ ಅಂಗೈಗೆ ಇಳಿಯಿತು. ಇಳಿಯುವ ದಾರಿಯಲ್ಲಿ ಮಾಡಿ ನೋಡುವ ಕೆಲಸವನ್ನೂ, ಪಕ್ಕದಲ್ಲಿ ಕೂರುವ ಮನುಷ್ಯನನ್ನೂ ನಾವು ಬಿಟ್ಟುಬಂದೆವು. ನನ್ನ ಇಂದಿನ ಚಿಂತೆಯೆಲ್ಲ ಅದರ ಸುತ್ತಲೇ ಇದೆ.

ನಾನು ಕಣ್ಣಾರೆ ಕಂಡ ಒಂದು ನೋಟ ಹೇಳುತ್ತೇನೆ. ಒಂದು ಶಾಲೆಯ ಶಿಕ್ಷಕರ ಕೊಠಡಿ. ಕಿಟಕಿಯ ಮೇಲೆ ನಾಲ್ಕು ಫೋನುಗಳು ಸಾಲಾಗಿ ನಿಂತಿವೆ. ನಾಲ್ಕರಲ್ಲೂ ಒಂದೇ ತರಬೇತಿಯ ವಿಡಿಯೋ, ಧ್ವನಿ ಬಂದ್. ಶಿಕ್ಷಕಿಯರು ಉತ್ತರ ಪತ್ರಿಕೆ ತಿದ್ದುತ್ತಿದ್ದಾರೆ. ವಿಡಿಯೋ ಮುಗಿದ ಮೇಲೆ ಬರುವ ಪ್ರಶ್ನೆಗಳ ಉತ್ತರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಿಂದಿನ ದಿನವೇ ಬಂದಿದೆ. ಸಂಜೆಗೆ ನಾಲ್ಕು ಪ್ರಮಾಣಪತ್ರ ಸಿದ್ಧ. ಮೇಲಿನ ಕಚೇರಿಯ ಪಟ್ಟಿಯಲ್ಲಿ ಆ ಶಾಲೆ ಶೇಕಡಾ 100.

ಆ ಶಿಕ್ಷಕಿಯರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಮೌಲ್ಯಮಾಪನದ ಗಡುವು ಅವರ ತಲೆಯ ಮೇಲಿತ್ತು. ತರಬೇತಿಗೆ ಬೇರೆ ಸಮಯ ಯಾರೂ ಕೊಟ್ಟಿರಲಿಲ್ಲ. ಫೋನು ಅವರದ್ದು, ಡೇಟಾ ಅವರದ್ದು. ಅದೇ ಶಿಕ್ಷಕಿಯರು ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಭಿನ್ನರಾಶಿ ಹೇಳಿಕೊಡುವ ಒಂದು ಉಪಾಯಕ್ಕಾಗಿ ಅರ್ಧ ಗಂಟೆ ಚರ್ಚೆ ಮಾಡಿದ್ದನ್ನೂ ನಾನು ಕಂಡಿದ್ದೇನೆ. ಕಲಿಯುವ ಆಸೆ ಅವರಲ್ಲಿ ಇದ್ದೇ ಇದೆ. ಆ ಆಸೆಗೆ ತಕ್ಕ ಪಾಠವನ್ನು ನಾವು ಕಟ್ಟಲಿಲ್ಲ.

ಎಡವಿದ್ದು ಎಲ್ಲಿ? ನಾವು ವಿಷಯದಿಂದ ಶುರು ಮಾಡುತ್ತೇವೆ. ಕೆಲಸದಿಂದ ಶುರು ಮಾಡುವುದಿಲ್ಲ. ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳಿಗೆ, ಅಂದರೆ ಪಿಡಿಒಗಳಿಗೆ, ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯ ತಂತ್ರಾಂಶವಾದ ಇ-ಸ್ವತ್ತು ಕುರಿತು ಒಂದು ಆನ್‌ಲೈನ್ ಪಾಠ ತಯಾರಿಸಿ ಎಂದರೆ ಮೊದಲು ಏನು ಬರುತ್ತದೆ? ಕಾಯ್ದೆಯ ಇತಿಹಾಸ, ನಿಯಮಗಳ ಪಟ್ಟಿ, ತಂತ್ರಾಂಶದ ಪರಿಚಯ, ಕೊನೆಗೆ ಹತ್ತು ಪ್ರಶ್ನೆ. ಆದರೆ ಸೋಮವಾರ ಬೆಳಿಗ್ಗೆ ಪಿಡಿಒ ಮೇಜಿನ ಮುಂದೆ ಬಂದು ನಿಲ್ಲುವುದು ಇತಿಹಾಸವಲ್ಲ. ಒಬ್ಬ ಅಜ್ಜ ಹಳೆಯ ತೆರಿಗೆ ರಸೀದಿ, ಮಡಚಿ ಮಡಚಿ ಹರಿದ ಒಂದು ವಿಭಾಗ ಪತ್ರ ಹಿಡಿದು ನಿಂತಿರುತ್ತಾರೆ. ಮನೆ ಗ್ರಾಮಠಾಣಾದ ಒಳಗಿದೆಯೋ, ಭೂಪರಿವರ್ತನೆಯಾಗದ ಹೊಲದ ಮೇಲಿದೆಯೋ? ಆಸ್ತಿ ದಾಖಲೆಯಾದ ನಮೂನೆ 9 ಕೊಡಬಹುದೋ ಬಾರದೋ? ಅಳತೆಗೂ ರಸೀದಿಗೂ ತಾಳೆಯಾಗದಿದ್ದರೆ ಮುಂದೇನು? ಅಣ್ಣತಮ್ಮಂದಿರಲ್ಲಿ ಒಬ್ಬ ತಕರಾರು ಅರ್ಜಿ ಕೊಟ್ಟಿದ್ದರೆ? ಈ ತೀರ್ಮಾನಗಳೇ ಆ ಅಧಿಕಾರಿಯ ಕೆಲಸ. ಪಾಠದ ಮೊದಲ ಪರದೆಯಲ್ಲಿ ಆ ಅಜ್ಜನೇ ನಿಲ್ಲಬೇಕು, ಅವರ ಕಾಗದಗಳೇ ಕಾಣಬೇಕು. ಅಧಿಕಾರಿ ಒಂದು ತೀರ್ಮಾನ ಮಾಡಲಿ. ತಪ್ಪಾದರೆ ಆ ತಪ್ಪಿನಿಂದ ಯಾರಿಗೆ ಏನಾಗುತ್ತದೆ ಎಂಬುದನ್ನು ಪಾಠ ತೋರಿಸಲಿ. ನಿಯಮ ಅಲ್ಲಿ ಬರಲಿ. ಬೇಕಾದ ಹೊತ್ತಿಗೆ ಬಂದ ನಿಯಮ ಮರೆತುಹೋಗುವುದಿಲ್ಲ.

ಇದನ್ನು ಕಟ್ಟುವುದು ಸುಲಭವಲ್ಲ. ಸ್ಲೈಡುಗಳಿಗೆ ಧ್ವನಿ ಸೇರಿಸುವುದು ಎರಡು ದಿನದ ಕೆಲಸ. ಹೀಗೆ ಪಾಠ ಕಟ್ಟಬೇಕಾದರೆ ನಾಲ್ಕಾರು ಪಂಚಾಯಿತಿಗಳಲ್ಲಿ ಹೋಗಿ ಕೂರಬೇಕು. ವಾಪಸಾದ ಅರ್ಜಿಗಳ ಕಡತ ಬಿಚ್ಚಿ ಷರಾ ಓದಬೇಕು. ಅನುಭವಿ ಅಧಿಕಾರಿ ಕಾಗದ ನೋಡಿದ ಕೂಡಲೇ ಹೇಗೆ ಅನುಮಾನ ಪಡುತ್ತಾರೆ, ಹೊಸಬರಿಗೆ ಅದು ಯಾಕೆ ಕಾಣುವುದಿಲ್ಲ ಎಂದು ಕೇಳಬೇಕು. ಪಾಠದ ವೆಚ್ಚದ ದೊಡ್ಡ ಪಾಲು ಕ್ಯಾಮರಾಕ್ಕೆ ಹೋಗುತ್ತಿದ್ದರೆ ಹಂಚಿಕೆ ತಪ್ಪಿದೆ ಎಂದೇ ನನ್ನ ತೀರ್ಪು. ಅದು ಈ ಓಡಾಟಕ್ಕೆ ಹೋಗಬೇಕು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸಂಪುಟ ಒಪ್ಪಿದ, ಸರ್ಕಾರಿ ನೌಕರರ ಸಾಮರ್ಥ್ಯ ವೃದ್ಧಿಯ ಯೋಜನೆ ಮಿಷನ್ ಕರ್ಮಯೋಗಿಯೂ ನಿಯಮ ಆಧಾರಿತ ವ್ಯವಸ್ಥೆಯಿಂದ ಪಾತ್ರ ಆಧಾರಿತ ವ್ಯವಸ್ಥೆಯತ್ತ ಹೊರಳುವ ಮಾತಾಡುತ್ತದೆ. ಪಾತ್ರವೆಂದರೆ ಹುದ್ದೆಯ ಹೆಸರಲ್ಲ, ಆ ಹುದ್ದೆಯಲ್ಲಿ ದಿನವೂ ಮಾಡಬೇಕಾದ ತೀರ್ಮಾನಗಳು. ಈ ಅರ್ಥವನ್ನು ಉಳಿಸಿಕೊಳ್ಳುವ ಹೊಣೆ ಪಾಠ ಕಟ್ಟುವ ನಮ್ಮ ಮೇಲಿದೆ.

ಇನ್ನು ನೆನಪಿನ ಮಾತು. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲಲ್ಲೇ ಧಾವಿಸುತ್ತದೆ, ಆಮೇಲೆ ನಿಧಾನವಾಗುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರೇ ಮುಂದು. ನಾವು ಪರೀಕ್ಷೆ ಇಡುವುದು ಯಾವಾಗ? ವಿಡಿಯೋ ಮುಗಿದ ಐದನೇ ನಿಮಿಷಕ್ಕೆ. ಕಲಿಕೆ ಉಳಿಯಿತೋ ಇಲ್ಲವೋ ಎಂಬುದನ್ನು ಏನೂ ಹೇಳದ ಗಳಿಗೆಯನ್ನೇ ಹುಡುಕಿ ಆರಿಸಿಕೊಂಡಂತೆ ಆಯಿತು. ಮೂರನೇ ದಿನ ಒಂದು ಪ್ರಶ್ನೆ, ಹತ್ತನೇ ದಿನ ಇನ್ನೊಂದು, ತಿಂಗಳ ಮೇಲೆ ಒಂದು ಹೊಸ ಪ್ರಕರಣ ನೌಕರರ ಫೋನಿಗೆ ಹೋಗಲಿ. ಇದಕ್ಕೆ ಕೃತಕ ಬುದ್ಧಿಮತ್ತೆ ಬೇಕಿಲ್ಲ, ಸಂದೇಶ ಕಳಿಸುವ ಸೌಲಭ್ಯ ಸಾಕು.

ವಿಡಿಯೋ ಚಿಕ್ಕದಿರಲಿ ಎಂಬುದನ್ನು ಈ ಸಭೆಗೆ ಹೇಳಬೇಕಿಲ್ಲ.

ಭಾಷೆಯ ಬಗ್ಗೆ ಮಾತ್ರ ಹೇಳಲೇಬೇಕು. ನಮ್ಮ ನೌಕರರಿಗೆ ಬರುವ ಎಷ್ಟೋ ಪಾಠಗಳು ಬೇರೆಲ್ಲೋ ಬರೆದು ಕನ್ನಡಕ್ಕೆ ಇಳಿಸಿದವು. ವಾಕ್ಯ ಕನ್ನಡದ್ದು, ಉಸಿರು ಬೇರೆಯದ್ದು. ನಮ್ಮ ಕಚೇರಿಗೆ ತನ್ನದೇ ಕನ್ನಡವಿದೆ: ಕಡತ, ಟಿಪ್ಪಣಿ, ಷರಾ, ಜ್ಞಾಪನ, ಪಹಣಿ, ತಕ್ತೆ. ಹಾಗೆಯೇ ಅಂಗನವಾಡಿ ಕಾರ್ಯಕರ್ತೆಯರ ಬಾಯಲ್ಲಿ ತೂಕ, ತಾಯಿ ಕಾರ್ಡ್, ಪೌಷ್ಟಿಕ ಆಹಾರ ಎಂಬ ಮಾತುಗಳಿವೆ. ಪಾಠ ಆ ಮಾತುಗಳಲ್ಲೇ ಹುಟ್ಟಬೇಕು. ಬೀದರಿನ ಕಾರ್ಯಕರ್ತೆ ಹೇಳುವ ಒಂದು ಪ್ರಸಂಗ ಬೀದರಿನ ಧ್ವನಿಯಲ್ಲೇ ಇರಲಿ, ಕುಂದಾಪುರದ್ದು ಕುಂದಾಪುರದ ಧ್ವನಿಯಲ್ಲಿ. ತಮ್ಮಂಥವರೇ ಮಾತಾಡುತ್ತಿದ್ದಾರೆ ಎನಿಸಿದಾಗ ನೌಕರರು ಧ್ವನಿ ಬಂದ್ ಮಾಡುವುದಿಲ್ಲ.

ಅಳತೆಯ ವಿಷಯಕ್ಕೆ ಬರುತ್ತೇನೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯುವ ನಾಲ್ಕು ಮೆಟ್ಟಿಲು ಹೇಳಿದರು: ಕಲಿತವರಿಗೆ ಹೇಗೆನಿಸಿತು, ಏನು ಕಲಿತರು, ಕೆಲಸದಲ್ಲಿ ಏನು ಬದಲಾಯಿತು, ಸಂಸ್ಥೆಗೆ ಏನು ಫಲ ಬಂತು. ‘ಎಷ್ಟು ಮಂದಿ ಮುಗಿಸಿದರು’ ಎಂಬ ಎಣಿಕೆ ಈ ನಾಲ್ಕರಲ್ಲಿ ಎಲ್ಲೂ ಇಲ್ಲ. ನಮ್ಮ ಪ್ರಗತಿ ವರದಿಗಳಲ್ಲಿ ಇರುವುದು ಅದೊಂದೇ. ಅರ್ಜಿಗಳು ವಾಪಸಾಗುವುದು ಕಡಿಮೆಯಾಯಿತೇ, ಮಗುವಿನ ಎತ್ತರ ಅಳೆಯುವಲ್ಲಿ ತಪ್ಪು ಇಳಿಯಿತೇ ಎಂಬ ಲೆಕ್ಕ ಇಲಾಖೆಯ ಬಳಿಯೇ ಇರುತ್ತದೆ. ತರಬೇತಿ ವಿಭಾಗ ಅದನ್ನು ಕೇಳಿ ಪಡೆಯಬೇಕು, ಅಷ್ಟೇ.

ಇಲಾಖೆಗಳ ಅಧಿಕಾರಿಗಳು ಇಲ್ಲಿದ್ದೀರಿ, ನಿಮಗೊಂದು ಪ್ರಾರ್ಥನೆ. ಎಷ್ಟೇ ಚೆನ್ನಾಗಿ ಕಟ್ಟಿದ ಪಾಠವೂ ರಾತ್ರಿ ಹತ್ತು ಗಂಟೆಗೆ, ಅಡುಗೆಮನೆ ಮುಗಿಸಿ ಬಂದ ದಣಿದ ಕಣ್ಣುಗಳಿಗೆ ಹತ್ತುವುದಿಲ್ಲ. ವಾರಕ್ಕೆ ಒಂದು ಗಂಟೆ, ಕಚೇರಿಯ ಸಮಯದಲ್ಲೇ, ಆದೇಶದ ಮೂಲಕ ಕೊಡಿ. ಆ ಹೊತ್ತಿನಲ್ಲಿ ನಾಲ್ಕೈದು ಮಂದಿ ಒಟ್ಟಿಗೆ ಕೂತು ನೋಡಿ ಚರ್ಚಿಸುವಂತಾಗಲಿ, ಅವರೊಳಗೆ ಅನುಭವಿ ಒಬ್ಬರಿರಲಿ. 1975ರಲ್ಲಿ ರಾಯಚೂರಿನ ಸೀಮೆಯಲ್ಲಿ ಸಾಧ್ಯವಾದ ಆ ಏರ್ಪಾಡು ಇಂದು ಯಾವ ತಾಲ್ಲೂಕಿನಲ್ಲೂ ಅಸಾಧ್ಯವಲ್ಲ.

ಬೋಧಕ ಮಿತ್ರರಿಗೆ ಕೇಳುವುದು ಇಷ್ಟು: ಮಧ್ಯಾಹ್ನದ ಗೋಷ್ಠಿಗಳಲ್ಲಿ ನೀವು ಗುಂಪುಗಳಾಗಿ ಕೂತು ಪಾಠದ ಕರಡು ತಯಾರಿಸುವವರಿದ್ದೀರಿ. ಲ್ಯಾಪ್‌ಟಾಪ್ ತೆರೆಯುವ ಮೊದಲು ಪ್ರತಿಯೊಬ್ಬರೂ ನಿಮ್ಮ ಇಲಾಖೆಯ ನೌಕರರು ಪದೇ ಪದೇ ಮಾಡುವ ಒಂದು ತಪ್ಪನ್ನು, ಅದರಿಂದ ತೊಂದರೆಗೊಳಗಾಗುವ ಒಬ್ಬ ಮನುಷ್ಯನನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಿಮ್ಮ ಕರಡು ಅಲ್ಲಿಂದ ಶುರುವಾಗಲಿ.