ಆಟ ಆಡಿಸಿದರೆ ಅಕ್ಷರ ಬರತಾವೇನು?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಹೈಸ್ಕೂಲಿನ ಹಬ್ಬದಲ್ಲಿ ಅಂಗನವಾಡಿ ಕೂಸುಗಳ ಮಾತು ಯಾಕೆ ಎನ್ನಬೇಡಿರಿ. ಇಲ್ಲಿಗೆ ಎಂಟನೇ ತರಗತಿಗೆ ಬರುವ ಮಗು ಲೆಕ್ಕಕ್ಕೆ ಹೆದರಿದರೆ, ಆ ಹೆದರಿಕೆ ಎಷ್ಟೋ ಸಲ ಬಹಳ ಮೊದಲೇ ಹುಟ್ಟಿರುತ್ತದೆ. ಒಂದರಿಂದ ಮೂರನೇ ತರಗತಿಯ ಮಕ್ಕಳ ಜೊತೆ ನೌಕರಿ ಮಾಡಿದವಳು ನಾನು. ಪಾಲಕರು ನನಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: "ಅಕ್ಕೋರ, ಬರೇ ಆಟ ಆಡಿಸಿದರ ಅಕ್ಷರ ಬರತಾವೇನ್ರಿ?"

ಮಣ್ಣೆತ್ತಿನ ಅಮಾವಾಸ್ಯೆ ನೆನೆಸಿಕೊಳ್ಳಿರಿ. ಕೂಸು ಕರಿಮಣ್ಣು ಹಿಡಿದು ಕೂಡುತ್ತದೆ. ನೀರು ಹೆಚ್ಚಾದರೆ ಎತ್ತು ಕುಸಿಯುತ್ತದೆ, ಕಡಿಮೆಯಾದರೆ ಬಿರಿಯುತ್ತದೆ. ಒಂದು ಕಾಲು ಗಿಡ್ಡಾದರೆ ವಾಲುತ್ತದೆ. ಜೋಡೆತ್ತಿಗೆ ಎಂಟು ಕಾಲು, ನಾಲ್ಕು ಕೋಡು. ಎಣಿಕೆ, ಅಳತೆ, ತೂಕ ಎಲ್ಲ ಅಲ್ಲೇ ಬಂತು. ಕೋಡು ತಿದ್ದಿದ ಬೆರಳೇ ಮುಂದೆ ಪೆನ್ಸಿಲ್ಲು ಹಿಡಿಯುತ್ತದೆ.

ಅಮೆರಿಕದ ಜಾನ್ ಡ್ಯೂಯಿ 1896ರಲ್ಲಿ ಶಿಕಾಗೋದಲ್ಲಿ ತೆರೆದ ಶಾಲೆಯಲ್ಲಿ ಮಕ್ಕಳು ಅಡುಗೆ ಮಾಡಿದರು, ನೇಯ್ದರು, ಬಡಿಗತನ ಮಾಡಿದರು. ಗುಜರಾತದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿದರು. ಆದರೆ ಎಲ್ಲ ಅನುಭವವೂ ಶಿಕ್ಷಣವಾಗುವುದಿಲ್ಲ ಎಂದು ಡ್ಯೂಯಿಯವರೇ 1938ರಲ್ಲಿ ಬರೆದರು. ಈ ಮಾತನ್ನು ನಾವು ಮರೆಯುತ್ತೇವೆ. ಎತ್ತು ಬಿದ್ದಾಗ "ಯಾಕ ಬಿತ್ತವಾ?" ಎಂದು ಕೇಳುವವರು ಬೇಕು. ಕೇಳಿ, ಉತ್ತರ ಬರುವ ತನಕ ಸುಮ್ಮನಿರಬೇಕು. ಅದೇ ಕಷ್ಟ!

ನಮ್ಮ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ರಿಷಿವ್ಯಾಲಿಯ ಪದ್ಧತಿ ನೋಡಿಬಂದ ಶಿಕ್ಷಕರೇ ಅದನ್ನು ರೂಪಿಸಿದರು. 2009-10ರಲ್ಲಿ ರಾಜ್ಯದ ಎಲ್ಲ ಸರಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಸಾಲಿಗಳಿಗೂ ಬಂತು. ಕಾರ್ಡು, ಕಲಿಕಾ ಏಣಿ, ತಲೆಯ ಮೇಲೆ ಚಪ್ಪರ. ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಜ್ವರ ಬಂದು ನಾಲ್ಕು ದಿನ ತಪ್ಪಿಸಿದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಕಬ್ಬು ಕಡಿಯಲು ಹೋಗುವವರ ಮಕ್ಕಳಿಗೆ ಇದು ಎಷ್ಟು ದೊಡ್ಡದೆಂದು ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಕಾರ್ಡು ಹರಿದಾವೆಂದು ಕಪಾಟಿಗೆ ಕೀಲಿ ಹಾಕಿದ್ದನ್ನೂ ಕಂಡಿದ್ದೇನೆ. ಮೂರು ತರಗತಿಗೆ ಒಬ್ಬರೇ ಶಿಕ್ಷಕರು, ಮೇಲೆ ಕಚೇರಿ ಕೆಲಸ ಎಂದರೆ ಎಂಥ ಒಳ್ಳೆಯ ಪದ್ಧತಿಯೂ ಸೊರಗುತ್ತದೆ. ಆಗ ಪಾಲಕರು ಮಗುವನ್ನು ವ್ಯಾನು ಹತ್ತಿಸಿ ಎಲ್‌ಕೆಜಿಗೆ ಕಳಿಸುತ್ತಾರೆ. ಅಲ್ಲಿ ಮೂರೂವರೆ ವರ್ಷದ ಕೂಸು ಪಾಟಿಯ ತುಂಬ ಎ ಬಿ ಸಿ ತಿದ್ದುತ್ತದೆ.

ಹಳೆಯ ವಿದ್ಯಾರ್ಥಿಗಳು ಹೈಸ್ಕೂಲಿಗೆ ಕಂಪ್ಯೂಟರು ಕೊಡುತ್ತಿದ್ದೀರಿ, ಸಂತೋಷ. ಅಂಗನವಾಡಿಗೂ ಒಂದು ಬುಟ್ಟಿ ಹುಣಸೆಬೀಜ, ಗೋವಿನಜೋಳದ ದಂಟು, ಗೋಕಾಕದ ಕಟ್ಟಿಗೆ ಆಟಿಕೆ ಕೊಡಿರಿ. ಬರುವ ಅಮಾವಾಸ್ಯೆಗೆ ಸಂತೆಯಿಂದ ಮಾಡಿದ ಎತ್ತು ತರಬೇಡಿರಿ. ಮಣ್ಣು ತಂದು ಕೊಟ್ಟು, ಅರ್ಧ ತಾಸು ಮಗುವಿನ ಪಕ್ಕ ಕೂಡಿರಿ.